ಹಾಲಿನ ಬ್ಯಾಕ್ಟೀರಿಯಾ ಕೌಂಟ್ 28 ಲಕ್ಷ ಅಂತ ರಿಪೋರ್ಟ್ ಬಂದಿದೆ. ತೊಂದರೆ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಭರಮಸಾಗರದ ಹಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ ತಾಲ್ಲೂಕು, ಭರಮಸಾಗರದಿಂದ ಒಳಗೆ ಒಂದು ಹಳ್ಳಿ. ಎಚ್‌ಎಫ್ ಕ್ರಾಸ್ ಹಸುಗಳು. ಈಗ ಹತ್ತು ಹಾಲು ಕೊಡುತ್ತಿವೆ. ಹಾಲು ಕರೆಯುವ ಬಕೆಟ್ ಮಿಷನ್ ಇಟ್ಟಿದ್ದೇವೆ. ಪಕ್ಕದಲ್ಲೇ ಭಾವನ ಮನೆ, ಅವರು ಕೈಯಲ್ಲೇ ಕರೆಯುತ್ತಾರೆ. ಎರಡೂ ಮನೆಯ ಹಾಲು ನಮ್ಮ 500 ಲೀಟರ್ ಕೂಲರಿಗೆ ಬೀಳುತ್ತದೆ. ಬೆಳಿಗ್ಗೆ ದಾವಣಗೆರೆಯಿಂದ ಒಬ್ಬ ಖಾಸಗಿ ಖರೀದಿದಾರರ ಗಾಡಿ ಬಂದು ಒಯ್ಯುತ್ತದೆ.

ಇಷ್ಟು ದಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದುಡ್ಡು ಕೊಡುತ್ತಿದ್ದರು. ಈ ಬೇಸಿಗೆಯಿಂದ ಬ್ಯಾಕ್ಟೀರಿಯಾ ಕೌಂಟೂ ನೋಡುತ್ತೇವೆ ಅಂದರು. ಒಂದು ಮಿ.ಲೀ.ಗೆ 10 ಲಕ್ಷದ ಒಳಗಿದ್ದರೆ ಪೂರ್ತಿ ರೇಟು, ಮೇಲೆ ಹೋದರೆ ಲೀಟರಿಗೆ ಎರಡು ರೂಪಾಯಿ ಕಡಿತ. ಮೊದಲ ರಿಪೋರ್ಟಿನಲ್ಲೇ ನಮ್ಮದು 28 ಲಕ್ಷ. ಕೋಲಿಫಾರ್ಮ್ (ಸೆಗಣಿ, ಕೊಳೆನೀರಿನಿಂದ ಬರುವ ಬ್ಯಾಕ್ಟೀರಿಯಾ) ಅನ್ನುವ ಕಡೆ ‘ಎಣಿಸಲಾಗದಷ್ಟು’ ಅಂತ ಬರೆದಿದ್ದಾರೆ.

ಇದೇ ಹಾಲು ಕಾಯಿಸಿದರೆ ಒಡೆಯುವುದಿಲ್ಲ. ಆಲ್ಕೋಹಾಲ್ ಟೆಸ್ಟೂ ಪಾಸು. ಕೆಟ್ಟ ವಾಸನೆ ಇಲ್ಲ, ಮನೆಯಲ್ಲಿ ಮೊಸರು ಚೆನ್ನಾಗೇ ಹೆಪ್ಪಾಗುತ್ತದೆ. ಮತ್ತೆ 28 ಲಕ್ಷ ಎಲ್ಲಿಂದ ಬಂತು?

ಇನ್ನೊಂದು ವಿಷಯ. ಸ್ಯಾಂಪಲ್ ತೆಗೆಯುವುದು ಗಾಡಿ ಡ್ರೈವರ್. ಕೂಲರಿನ ಕೆಳಗಿನ ನಲ್ಲಿ ತಿರುಗಿಸಿ, ಕುಡಿದು ಬಿಟ್ಟ ನೀರಿನ ಬಾಟಲಿಗೆ ತುಂಬಿ, ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳುತ್ತಾನೆ. ಆಮೇಲೆ ಇನ್ನೂ ಮೂರ್ನಾಲ್ಕು ಹಳ್ಳಿ ಸುತ್ತಿ ಮಧ್ಯಾಹ್ನಕ್ಕೆ ದಾವಣಗೆರೆ ಸೇರುತ್ತಾನೆ. ಹೀಗೆ ತೆಗೆದ ಸ್ಯಾಂಪಲ್ ನಂಬಬಹುದಾ? ನಾವೇ ತೆಗೆದು ಬೇರೆ ಲ್ಯಾಬಿಗೆ ಕೊಟ್ಟರೆ ಹೇಗೆ ತೆಗೆಯಬೇಕು? ಗೊತ್ತಿರುವವರು ಹೇಳಿ.

ತೋಟದಮನೆ, ಚನ್ನಗಿರಿ

ಕುದಿಯೋ ನೀರು ಹಾಕಿ ಎಲ್ಲಾ ತೊಳೆಯಿರಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ನಮ್ಮ ಕಡೆ ಕೆಲವರು ಬೇಸಿಗೆಯಲ್ಲಿ ಕ್ಯಾನಿಗೆ ಒಂದು ಮುಚ್ಚಳ ಪೆರಾಕ್ಸೈಡ್ ಬಿಡುತ್ತಾರೆ, ಕೌಂಟ್ ಬರೋದೇ ಇಲ್ಲ ಅಂತಾರೆ. ನಾನು ಮಾಡಿಲ್ಲ, ಕೇಳಿದ್ದು ಹೇಳಿದೆ ಅಷ್ಟೇ.

ಹಳೇ ಲ್ಯಾಬಿನವಳು, ದಾವಣಗೆರೆ

ಚನ್ನಗಿರಿಯವರೇ, ಆ ಪೆರಾಕ್ಸೈಡ್ ಮಾತು ಇಲ್ಲೇ ಬಿಟ್ಟುಬಿಡಿ. ಅದು ಕಲಬೆರಕೆ. ಲ್ಯಾಬಿನಲ್ಲಿ ಅದಕ್ಕೆ ಬೇರೆ ಟೆಸ್ಟೇ ಇದೆ, ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಸೋಡಾ ಹಾಕಿದರೂ ಅಷ್ಟೇ. ಕುದಿಯೋ ನೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭರಮಸಾಗರದ ತಮ್ಮಾ, ಆ 28 ಲಕ್ಷ ನಿನ್ನ ಹಾಲಿನ ಕೌಂಟ್ ಅಲ್ಲ. ನಿನ್ನ ಹಾಲು, ಕೆಳಗಿನ ನಲ್ಲಿ, ಎಂಜಲು ಬಾಟಲಿ, ಬಿಸಿಲು, ಡ್ರೈವರ್ ಕ್ಯಾಬಿನ್, ಇಷ್ಟೂ ಸೇರಿದ ಕೌಂಟ್. ಅದರಲ್ಲಿ ನಿನ್ನ ಪಾಲು ಎಷ್ಟು ಅಂತ ಆ ಕಾಗದ ನೋಡಿ ಯಾರೂ ಹೇಳಲಾರರು. ನಾನು ಹಾಲಿನ ಲ್ಯಾಬಿನಲ್ಲಿ ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಎಣಿಸುತ್ತಲೇ ರಿಟೈರ್ ಆದವಳು. ರಿಪೋರ್ಟ್ ಕೈಗೆ ಬಂದರೆ ನಂಬರ್ ನೋಡುವ ಮೊದಲು ‘ಸ್ಯಾಂಪಲ್ ಯಾರು ತೆಗೆದದ್ದು, ಬಂದಾಗ ಎಷ್ಟು ಡಿಗ್ರಿ ಇತ್ತು’ ಅಂತ ಕೇಳುವುದು ನನ್ನ ಅಭ್ಯಾಸ. ಅದು ಬರೆದಿಲ್ಲದ ರಿಪೋರ್ಟಿಗೆ ನನ್ನ ಹತ್ತಿರ ಬೆಲೆ ಇಲ್ಲ.

ಲೆಕ್ಕ ಹಾಕಿ ನೋಡು. ಹಾಲಿನಲ್ಲಿ 50 ಸಾವಿರ ಇದೆ ಅಂತ ಇಟ್ಟುಕೋ. ಕ್ಯಾಬಿನ್‌ನಲ್ಲಿ ಬಾಟಲಿ ಬೆಚ್ಚಗಾದ ಮೇಲೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಆದರೂ ಮೂರು ಗಂಟೆಯಲ್ಲಿ ಆರು ಸಲ ದುಪ್ಪಟ್ಟು. ಅಂದರೆ 64 ಪಟ್ಟು, 32 ಲಕ್ಷ. ಬಾಟಲಿಯ ತಳದಲ್ಲಿ ಮೊದಲೇ ಇದ್ದದ್ದು, ನಲ್ಲಿಯ ಬಾಯಲ್ಲಿ ನಿನ್ನೆಯಿಂದ ಕೂತ ಹಾಲು, ಇವೆಲ್ಲ ಬೇರೆ.

ಹಾಗಂತ ನಿನ್ನ ಹಾಲು ಶುದ್ಧ ಅಂತಲೂ ನಾನು ಹೇಳುತ್ತಿಲ್ಲ. ಕಾಯಿಸಿದಾಗ ಒಡೆಯೋದಿಲ್ಲ, ಆಲ್ಕೋಹಾಲ್ ಪಾಸು ಅಂದೆಯಲ್ಲ, ಅವೆರಡೂ ಹುಳಿ ಏರಿದ ಹಾಲನ್ನು ಹಿಡಿಯುವ ಟೆಸ್ಟು. ಹಾಲು ಒಡೆಯುವಷ್ಟು ಹುಳಿ ಆಗಬೇಕಾದರೆ ಬ್ಯಾಕ್ಟೀರಿಯಾ ಕೋಟಿ ಲೆಕ್ಕದಲ್ಲಿ ಇರಬೇಕು. 28 ಲಕ್ಷ ಇದ್ದರೂ ಹಾಲು ಒಳ್ಳೆಯ ಹುಡುಗನ ಹಾಗೆ ಸುಮ್ಮನೆ ಕಾಯುತ್ತದೆ.

ನಮ್ಮ ಐಎಸ್ 1479 ಅನ್ನುವ ಹಳೇ ಮಾನದಂಡ, 1977ರ ಮೂರನೇ ಭಾಗ, ಹಸಿ ಹಾಲನ್ನು ಹೀಗೆ ವಿಂಗಡಿಸುತ್ತದೆ. ಮಿ.ಲೀ.ಗೆ 2 ಲಕ್ಷದ ಒಳಗೆ ತುಂಬಾ ಒಳ್ಳೆಯದು, 10 ಲಕ್ಷದವರೆಗೆ ಒಳ್ಳೆಯದು, 50 ಲಕ್ಷದವರೆಗೆ ಪರವಾಗಿಲ್ಲ, ಅದರ ಮೇಲೆ ಕಳಪೆ. ಯುರೋಪಿನಲ್ಲಿ ರೈತನ ಹಾಲಿಗೆ 1 ಲಕ್ಷವೇ ಮಿತಿ. ಅದೂ ಒಂದು ಸ್ಯಾಂಪಲ್ ನೋಡಿ ಅಲ್ಲ. ತಿಂಗಳಿಗೆ ಕನಿಷ್ಠ ಎರಡು ಸ್ಯಾಂಪಲ್ ತೆಗೆದು, ಎರಡು ತಿಂಗಳ ಸರಾಸರಿ ಹಿಡಿಯುತ್ತಾರೆ. ಒಂದೇ ಬಾಟಲಿ ನೋಡಿ ರೇಟು ಕತ್ತರಿಸುವುದು ಯಾವ ನ್ಯಾಯ ಅಂತ ನಿಮ್ಮ ಖರೀದಿದಾರರನ್ನು ಕೇಳು.

ಈಗ ಸ್ಯಾಂಪಲ್ ವಿಷಯ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತಾರೆ. ನಿಂತ ಹಾಲಿಗೆ ಆ ಮಾತು ನಡೆಯೋದಿಲ್ಲ. ಆಕಳ ಹಾಲಿನಲ್ಲಿ ಕೆನೆ ಮೇಲೇಳುವಾಗ ಬ್ಯಾಕ್ಟೀರಿಯಾವನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಅದಕ್ಕೇ ಮೊದಲು ಕೂಲರಿನ ಕಲಕುವ ಫ್ಯಾನ್ ಐದು ನಿಮಿಷ ಓಡಿಸು. ಸ್ಯಾಂಪಲ್ ಮೇಲಿನಿಂದ, ಸೌಟಿನಲ್ಲಿ ತೆಗಿ. ಉದ್ದ ಹಿಡಿಯ ಸ್ಟೀಲ್ ಸೌಟು ಸಾಕು. ಸೌಟು, ಅಗಲ ಬಾಯಿಯ ಗಾಜಿನ ಸಣ್ಣ ಬಾಟಲಿಗಳು, ಎಲ್ಲವನ್ನೂ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಪ್ರೆಷರ್‌ನಲ್ಲಿ ಇಡು. ಬಾಟಲಿ ಮುಚ್ಚಳ ಬಿಗಿ ಮಾಡಬೇಡ, ಒಡೆಯುತ್ತದೆ. ಸೌಟು ಕುಕ್ಕರಿನಲ್ಲಿ ಹಿಡಿಸದಿದ್ದರೆ ಕುದಿಯೋ ನೀರಿನಲ್ಲಿ ಮುಳುಗಿಸಿಡು. ಲ್ಯಾಬಿನವರು ಸ್ಟೆರೈಲ್ ಬಾಟಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಕೈ ತೊಳೆದು, 70 ಪರ್ಸೆಂಟ್ ಆಲ್ಕೋಹಾಲ್ ಹಚ್ಚಿಕೋ. ಮುಚ್ಚಳ ತೆಗೆದರೆ ಅದನ್ನು ಕೆಳಗೆ ಇಡಬೇಡ, ಕೈಯಲ್ಲೇ ಹಿಡಿ, ಒಳಮೈ ಮುಟ್ಟಬೇಡ. ಮುಕ್ಕಾಲು ತುಂಬು ಸಾಕು, ಲ್ಯಾಬಿನಲ್ಲಿ ಕುಲುಕೋಕೆ ಜಾಗ ಬೇಕು. ಫ್ಯಾಟಿಗೂ ಸ್ಯಾಂಪಲ್ ತೆಗೆಯುವುದಿದ್ದರೆ ಕೌಂಟಿನದು ಮೊದಲು, ಫ್ಯಾಟಿನದು ಆಮೇಲೆ. ಫ್ಯಾಟ್ ಸ್ಯಾಂಪಲಿಗೆ ಕೆಡದ ಹಾಗೆ ಹಾಕುವ ಮಾತ್ರೆ ಕೌಂಟಿನ ಬಾಟಲಿಗೆ ಬೀಳಬಾರದು. ಬಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ, ರಿಪೋರ್ಟ್ ಸುಳ್ಳೇ ಚೆಂದ ಬರುತ್ತದೆ.

ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಜೊತೆ ನೀರೂ ಹಾಕು. ಬರೀ ಐಸ್ ತುಂಡಿನ ಮೇಲೆ ಬಾಟಲಿ ಇಟ್ಟರೆ ಎಲ್ಲ ಕಡೆ ತಂಪು ತಟ್ಟೋದಿಲ್ಲ. ನೀರು ಬಾಟಲಿಯ ಕುತ್ತಿಗೆಗಿಂತ ಕೆಳಗಿರಲಿ. 0ಯಿಂದ 4 ಡಿಗ್ರಿ ಒಳಗೆ ಇರಬೇಕು, ಹೆಪ್ಪುಗಟ್ಟಬಾರದು. ಜೊತೆಗೆ ಒಂದು ಬಾಟಲಿ ಹಾಲು ಜಾಸ್ತಿ ಇಡು. ಅದನ್ನು ಟೆಸ್ಟ್ ಮಾಡೋದಿಲ್ಲ, ಲ್ಯಾಬಿಗೆ ತಲುಪಿದಾಗ ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುತ್ತಾರೆ. 24 ಗಂಟೆಯೊಳಗೆ ಪ್ಲೇಟಿಗೆ ಹಾಕಬೇಕು.

ಇಷ್ಟೆಲ್ಲ ಮಾಡಿ ಕೂಲರಿನದು ಒಂದೇ ಬಾಟಲಿ ಕಳಿಸಿದರೆ ದುಡ್ಡು ದಂಡ. ನಂಬರ್ ಸಿಗುತ್ತದೆ, ಕಾರಣ ಸಿಗೋದಿಲ್ಲ. ಹಾಲು ನಡೆಯುವ ದಾರಿಯಲ್ಲಿ ಒಂದೊಂದು ಕಡೆ ಒಂದೊಂದು ಸ್ಯಾಂಪಲ್ ತೆಗಿ. ತೊಟ್ಟು ಒರೆಸಿ, ಆಲ್ಕೋಹಾಲ್ ಹಚ್ಚಿ, ಮೊದಲ ನಾಲ್ಕು ಪಿಚಕಾರಿ ಬಿಟ್ಟು ನೇರ ಕೆಚ್ಚಲಿನಿಂದ ಒಂದು. ಮಿಷನ್ ಬಕೆಟಿನಿಂದ ಒಂದು. ಭಾವನ ಕ್ಯಾನಿನಿಂದ ಒಂದು. ಸಂಜೆ ಕೂಲರಿಗೆ ಹಾಕಿದ ಮೇಲೆ ಒಂದು. ಬೆಳಿಗ್ಗೆ ಹೊಸ ಹಾಲು ಬೀಳುವ ಮುಂಚೆ ಒಂದು. ಆರೋಗ್ಯದ ಕೆಚ್ಚಲಿನಿಂದ ಬಂದ ಹಾಲಿನಲ್ಲಿ ಸಾವಿರ, ಹೆಚ್ಚೆಂದರೆ ಕೆಲವು ಸಾವಿರ ಇರುತ್ತದೆ. ಅದು ಎಲ್ಲಿ ಲಕ್ಷಕ್ಕೆ ಹಾರುತ್ತದೋ ಅಲ್ಲಿ ಹುಡುಕು.

ಲ್ಯಾಬಿನವರಿಗೆ ಹೇಳಿ ಮೂರು ಟೆಸ್ಟ್ ಮಾಡಿಸು. ಒಟ್ಟು ಕೌಂಟ್, ಕೋಲಿಫಾರ್ಮ್, ಮತ್ತೆ ‘ಲ್ಯಾಬ್ ಪಾಶ್ಚರೈಸ್ಡ್ ಕೌಂಟ್’. ಮೂರನೆಯದಕ್ಕೆ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಬದುಕಿದ ಬ್ಯಾಕ್ಟೀರಿಯಾ ಎಣಿಸುತ್ತಾರೆ. ಜನ ಇದನ್ನು ಮರೆಯುತ್ತಾರೆ. ನನ್ನ ಪ್ರಕಾರ ಮಿಷನ್ ಇಟ್ಟವರಿಗೆ ಮೂರರಲ್ಲಿ ಇದೇ ಮುಖ್ಯ.

ಬೆಣ್ಣೆ ಅಂಗಡಿ, ದಾವಣಗೆರೆ

ಖರೀದಿದಾರರ ಕಡೆಯಿಂದ ಒಂದು ಮಾತು. ನಾನು ಆ ಖರೀದಿದಾರ ಅಲ್ಲ, ಆಣೆ! ಸಣ್ಣದಾಗಿ ಬೆಣ್ಣೆ, ಮೊಸರು ಮಾಡಿ ದೋಸೆ ಹೋಟೆಲಿನವರಿಗೆ ಕೊಡುತ್ತೇನೆ.

ಕಾಯಿಸಿದರೆ ಎಲ್ಲಾ ಸಾಯುತ್ತಲ್ಲ, ಕೌಂಟ್ ಯಾಕೆ ಅಂತ ಹಾಲಿನವರು ಕೇಳುತ್ತಾರೆ. ಹೆಚ್ಚಿನವು ಸಾಯುತ್ತವೆ, ನಿಜ. ಆದರೆ ತಂಪಿನಲ್ಲೂ ಬೆಳೆಯುವ ಕೆಲವು ಜಾತಿ ಇವೆ, ಸ್ಯೂಡೊಮೊನಾಸ್ ಅಂತ. ಅವು ಬಿಟ್ಟ ಕಿಣ್ವ ಪಾಶ್ಚರೈಸ್ ಮಾಡಿದರೂ ಉಳಿಯುತ್ತದೆ. ಕೊಬ್ಬನ್ನು ಒಡೆದರೆ ಬೆಣ್ಣೆ ಕಮಟು ವಾಸನೆ, ಪ್ರೋಟೀನ್ ಒಡೆದರೆ ಮೊಸರು ಕಹಿ. ಬೆಣ್ಣೆ ದೋಸೆ ಊರಿನಲ್ಲಿ ಕಮಟು ಬೆಣ್ಣೆ ಮಾರಿ ಬದುಕೋಕೆ ಆಗುತ್ತಾ? ಬೆಳಿಗ್ಗೆ ಕೊಟ್ಟಿದ್ದು ಮಧ್ಯಾಹ್ನಕ್ಕೆ ವಾಪಸ್ ಬರುತ್ತದೆ.

ಪ್ಯಾಕೆಟ್ ಮಾಡುವವರಿಗೆ ಕಾನೂನೂ ಇದೆ. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಪ್ರಕಾರ ಪಾಶ್ಚರೈಸ್ ಮಾಡಿದ ಹಾಲಿನ ಐದು ಸ್ಯಾಂಪಲ್ ತೆಗೆದರೆ ಯಾವುದೂ ಮಿ.ಲೀ.ಗೆ 50 ಸಾವಿರ ದಾಟಬಾರದು. 30 ಸಾವಿರ ದಾಟಲು ಎರಡಕ್ಕೆ ಮಾತ್ರ ರಿಯಾಯಿತಿ. ಹಸಿ ಹಾಲೇ ಹಾಳಾಗಿ ಬಂದರೆ ಅಲ್ಲಿಗೆ ತರುವುದು ಕಷ್ಟ. ಹಾಗಾಗಿ ಕೌಂಟ್ ಕೇಳುವುದು ತಪ್ಪಲ್ಲ. ಎಂಜಲು ಬಾಟಲಿಯಲ್ಲಿ ಸ್ಯಾಂಪಲ್ ತೆಗೆಯುವುದು ಮಾತ್ರ ಖಂಡಿತ ತಪ್ಪು.

ಮಾರಿಕಣಿವೆ ಪಕ್ಕ, ಹಿರಿಯೂರು

ಮೇಡಂ, ಲ್ಯಾಬಿಗೆ ಕಳಿಸುವಷ್ಟು ಹಾಲು ನಮ್ಮಲ್ಲಿ ಇಲ್ಲ. ನೀಲಿ ಬಣ್ಣದ ಟೆಸ್ಟ್ ಅಂತಾರಲ್ಲ, ಎಂಬಿಆರ್‌ಟಿ, ಅದನ್ನು ಮನೆಯಲ್ಲೇ ಮಾಡಬಹುದಾ?

ಹಳೇ ಲ್ಯಾಬಿನವಳು, ದಾವಣಗೆರೆ

ಮಾಡಬಹುದು. ಸ್ಟೆರೈಲ್ ಟ್ಯೂಬಿಗೆ 10 ಮಿ.ಲೀ. ಹಾಲು, ಅದಕ್ಕೆ 1 ಮಿ.ಲೀ. ಮೆಥಿಲೀನ್ ಬ್ಲೂ ದ್ರಾವಣ. ಬಿರಡೆ ಹಾಕಿ, ಒಂದು ಸಲ ತಲೆಕೆಳಗು ಮಾಡಿ, 37 ಡಿಗ್ರಿ ನೀರಿನಲ್ಲಿ ನಿಲ್ಲಿಸಿ. ಬೆಳಕು ಬೀಳದ ಹಾಗೆ ಮುಚ್ಚಿ, ಬಿಸಿಲಿಗೆ ಬಣ್ಣ ತಾನಾಗೇ ಮಾಸುತ್ತದೆ. ಅರ್ಧ ಗಂಟೆಗೊಮ್ಮೆ ನೋಡಿ. ಬ್ಯಾಕ್ಟೀರಿಯಾ ಹಾಲಿನ ಆಮ್ಲಜನಕ ಬಳಸಿಕೊಂಡ ಮೇಲೆ ನೀಲಿ ಬಣ್ಣ ಹೋಗುತ್ತದೆ. ಐದು ಗಂಟೆ ದಾಟಿದರೆ ತುಂಬಾ ಒಳ್ಳೆಯ ಹಾಲು, ಮೂರು ನಾಲ್ಕು ಗಂಟೆ ಒಳ್ಳೆಯದು, ಒಂದೆರಡು ಗಂಟೆ ಪರವಾಗಿಲ್ಲ, ಅರ್ಧ ಗಂಟೆಯಲ್ಲೇ ಬೆಳ್ಳಗಾದರೆ ಕಳಪೆ.

ಆದರೆ ಈ ಟೆಸ್ಟ್ ಮೋಸ ಹೋಗುತ್ತದೆ. ಹಸುವಿಗೆ ಆಂಟಿಬಯೋಟಿಕ್ ಕೊಟ್ಟ ಹಾಲಿನಲ್ಲಿ ನೀಲಿ ಹೋಗುವುದೇ ಇಲ್ಲ, ನೀವು ಖುಷಿ ಪಡುತ್ತೀರಿ. ಪೆರಾಕ್ಸೈಡ್ ಇದ್ದರೂ ಹಾಗೇ. ಕೂಲರಿನಲ್ಲಿ ರಾತ್ರಿ ಕಳೆದ ಹಾಲಿಗೂ ಇದು ಸರಿಯಲ್ಲ. ತಂಪಿನಲ್ಲಿ ಬೆಳೆಯುವ ಜಾತಿಗಳು ಬಣ್ಣ ಕಳೆಯುವುದರಲ್ಲಿ ನಿಧಾನ. ಈಗ ತಾನೇ ಕರೆದ ಹಾಲು, ನಾಲ್ಕು ಮನೆಯ ಕ್ಯಾನು, ಯಾವುದು ಮೊದಲು ಬೆಳ್ಳಗಾಗುತ್ತದೆ ಅಂತ ಹೋಲಿಸೋಕೆ ಇದಕ್ಕಿಂತ ಅಗ್ಗದ ಟೆಸ್ಟ್ ಇಲ್ಲ. ನಾನಂತೂ ಹಳ್ಳಿ ಡೇರಿಗಳಲ್ಲಿ ಇದು ಇನ್ನೂ ಜಾಸ್ತಿ ಬಳಕೆಗೆ ಬರಬೇಕು ಅನ್ನುವವಳು.

ಭರಮಸಾಗರದ ಹಟ್ಟಿ

ಮೇಡಂ, ಮೊದಲನೆಯದಾಗಿ ನಾನು ತಮ್ಮ ಅಲ್ಲ, ತಂಗಿ. 😄

ನೀವು ಹೇಳಿದ ಹಾಗೇ ಮಾಡಿದೆವು. ಸಂಜೆ ಮತ್ತೆ ಬೆಳಿಗ್ಗೆ ಸ್ಯಾಂಪಲ್ ತೆಗೆದು, ಐಸ್ ಡಬ್ಬಿ ಹಿಡಿದುಕೊಂಡು ನಮ್ಮ ಮನೆಯವರು ಹೈವೇಗೆ ಹೋಗಿ ಬೆಂಗಳೂರು ಬಸ್ ಹತ್ತಿದರು. ತಲುಪಿದಾಗ 3 ಡಿಗ್ರಿ ಇತ್ತು ಅಂತ ರಿಪೋರ್ಟಿನಲ್ಲೇ ಬರೆಸಿಕೊಂಡು ಬಂದಿದ್ದಾರೆ. ಪ್ಲೇಟನ್ನು 30 ಡಿಗ್ರಿಯಲ್ಲಿ 72 ಗಂಟೆ ಇಡಬೇಕು ಅಂದರಂತೆ, ಹಾಗಾಗಿ ಉತ್ತರ ತಡವಾಯಿತು.

ನೇರ ಕೆಚ್ಚಲಿನಿಂದ, ಮೂರು ಹಸು ಸೇರಿಸಿ: 3 ಸಾವಿರ, ಕೋಲಿಫಾರ್ಮ್ ಇಲ್ಲ.
ನಮ್ಮ ಮಿಷನ್ ಬಕೆಟ್: 4 ಲಕ್ಷ. ಕೋಲಿಫಾರ್ಮ್ 900. ಪಾಶ್ಚರೈಸ್ಡ್ ಕೌಂಟ್ 2,600.
ಭಾವನ ಕ್ಯಾನು: 70 ಸಾವಿರ. ಕೋಲಿಫಾರ್ಮ್ 40.
ಸಂಜೆ ಕೂಲರ್: 2.7 ಲಕ್ಷ.
ಬೆಳಿಗ್ಗೆ ಕೂಲರ್, ಹೊಸ ಹಾಲು ಹಾಕುವ ಮುಂಚೆ: 2.9 ಲಕ್ಷ.

ಅದೇ ದಿನ ಡ್ರೈವರ್ ತನ್ನ ರೀತಿಯಲ್ಲೇ ತೆಗೆದುಕೊಂಡು ಹೋದ ಬಾಟಲಿ ಅವರ ಲ್ಯಾಬಿನಲ್ಲಿ 31 ಲಕ್ಷ ಬಂದಿದೆ.

ಭಾವ ಈಗ ಬೀದಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾರೆ. ಮಿಷನ್ ತಂದಾಗ ‘ಕೈಗಿಂತ ಕ್ಲೀನು’ ಅಂತ ನಾನು ಹೇಳಿದ್ದನ್ನು ಎಲ್ಲರಿಗೂ ನೆನಪಿಸುತ್ತಿದ್ದಾರೆ.

ಹಳೇ ಲ್ಯಾಬಿನವಳು, ದಾವಣಗೆರೆ

ತಂಗೀ, ಇಷ್ಟು ಅಚ್ಚುಕಟ್ಟಾದ ಸ್ಯಾಂಪಲ್ ಪಟ್ಟಿ ಸರ್ವಿಸಿನಲ್ಲಿದ್ದಾಗ ನನಗೆ ಎಷ್ಟೋ ಸಲ ಸಿಗುತ್ತಿರಲಿಲ್ಲ.

ಕೂಲರಿನ ಮೇಲೆ ಅನುಮಾನ ಬೇಡ. ರಾತ್ರಿಯಿಡೀ ಇದ್ದರೂ 2.7ರಿಂದ 2.9 ಅಂದರೆ ಬೆಳೆದೇ ಇಲ್ಲ ಅನ್ನಬೇಕು, ಪ್ಲೇಟ್ ಎಣಿಕೆಯಲ್ಲೇ ಅಷ್ಟು ಹೆಚ್ಚುಕಮ್ಮಿ ಇರುತ್ತದೆ. ಬೆಳಿಗ್ಗೆ ಬಿಸಿ ಹಾಲು ಸುರಿದಾಗ ಒಟ್ಟು ಹಾಲು 10 ಡಿಗ್ರಿ ದಾಟದ ಹಾಗೆ ನೋಡಿಕೋ ಸಾಕು. ಹಸುಗಳೂ ಚೆನ್ನಾಗಿವೆ, ಆದರೆ ನೀನು ನೋಡಿದ್ದು ಮೂರನ್ನು ಮಾತ್ರ. ಉಳಿದವಕ್ಕೆ ಸಿಎಂಟಿ ಮಾಡು. ನಾಲ್ಕು ಬಟ್ಟಲಿನ ಹಲಗೆ, ಒಂದೊಂದು ತೊಟ್ಟಿನಿಂದ ಎರಡು ಮಿ.ಲೀ. ಹಾಲು, ಅಷ್ಟೇ ರೀಜೆಂಟ್, ತಿರುಗಿಸಿದಾಗ ಲೋಳೆ ಕಟ್ಟಿದರೆ ಆ ತೊಟ್ಟಿನಲ್ಲಿ ಕೆಚ್ಚಲು ಬಾವು ಶುರುವಾಗಿದೆ. ಹೊರಗೆ ಏನೂ ಕಾಣದೇ ಇರುವ ಬಾವು ಇದು. ಕೆಲವು ಜಾತಿಯ ಸ್ಟ್ರೆಪ್ಟೊಕಾಕಸ್ ತಗುಲಿದ ಒಂದೇ ಹಸು ಮಿ.ಲೀ.ಗೆ ಕೋಟಿಯಷ್ಟು ಬಿಡಬಲ್ಲದು. ಹತ್ತು ಹಸುವಿನ ಹಾಲು ಕೆಡಿಸೋಕೆ ಅದೊಂದೇ ಸಾಕು.

ನಿಜವಾದ ಕಳ್ಳ ಮಿಷನ್. 3 ಸಾವಿರ ಒಳಗೆ ಹೋಗಿ 4 ಲಕ್ಷ ಹೊರಗೆ ಬರುತ್ತಿದೆ. ಪಾಶ್ಚರೈಸ್ಡ್ ಕೌಂಟ್ 2,600 ನೋಡು. 200ರ ಒಳಗಿದ್ದರೆ ಒಳ್ಳೆಯದು ಅಂತ ನಾವು ಲೆಕ್ಕ ಹಿಡಿಯುತ್ತಿದ್ದೆವು. ಬಿಸಿಗೆ ಸಾಯದ ಇಂಥ ಬ್ಯಾಕ್ಟೀರಿಯಾ ಇಷ್ಟು ಜಾಸ್ತಿ ಬಂದರೆ ನಾನು ಮೊದಲು ನೋಡುವುದು ಬಿರುಕು ಬಿಟ್ಟ ರಬ್ಬರನ್ನೂ, ಹಾಲುಗಲ್ಲನ್ನೂ. ಚಿತ್ರದುರ್ಗ ಕಡೆ ಬೋರ್ ನೀರು ಗಡಸು, ನಿಮ್ಮ ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ ಅಲ್ವಾ? ಅದೇ ಸುಣ್ಣ ಹಾಲಿನ ಪ್ರೋಟೀನ್ ಜೊತೆ ಸೇರಿ ಮಿಷನ್ ಒಳಗೆ ಗಟ್ಟಿಯಾಗಿ ಕೂರುತ್ತದೆ, ಅದೇ ಹಾಲುಗಲ್ಲು. ಕಣ್ಣಿಗೆ ಮಾಸಲು ಹಳದಿ ಪದರ, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಅದರ ಕೆಳಗೆ ಬ್ಯಾಕ್ಟೀರಿಯಾ ಕೂತಿದ್ದರೆ ಎಷ್ಟು ಕ್ಲೋರಿನ್ ಸುರಿದರೂ ತಲುಪೋದಿಲ್ಲ. ಭಾವನ ಸ್ಟೀಲ್ ಕ್ಯಾನಿಗೆ ಕೈ ಹಾಕಿ ಉಜ್ಜಬಹುದು, ನಿನ್ನ ಪೈಪಿನೊಳಗೆ ಕೈ ಹೋಗೋದಿಲ್ಲ. ವ್ಯತ್ಯಾಸ ಅಷ್ಟೇ, ಭಾವನಿಗೂ ಹೇಳು.

ತೊಳೆಯುವ ಕ್ರಮ. ಕರೆದ ತಕ್ಷಣ ಉಗುರುಬೆಚ್ಚನೆ ನೀರು, 40 ಡಿಗ್ರಿ ಸುತ್ತಮುತ್ತ. ಚನ್ನಗಿರಿಯವರು ಹೇಳಿದ ಕುದಿಯೋ ನೀರು ಮೊದಲೇ ಹಾಕಿದರೆ ಪ್ರೋಟೀನ್ ಬೆಂದು ಅಂಟುತ್ತದೆ. ತಣ್ಣೀರು ಹಾಕಿದರೆ ಕೊಬ್ಬು ಗಟ್ಟಿಯಾಗುತ್ತದೆ. ನೀರು ತಿಳಿಯಾಗುವವರೆಗೆ ಬಿಟ್ಟು, ಆಮೇಲೆ ಕ್ಷಾರದ ಡೇರಿ ಡಿಟರ್ಜೆಂಟ್, ಶುರುವಿಗೆ 70 ಡಿಗ್ರಿ, ಮುಗಿಯುವಾಗ 45ಕ್ಕಿಂತ ಕೆಳಗೆ ಇಳಿಯಬಾರದು. ಪಾತ್ರೆ ಸೋಪು ಬೇಡ, ಬರೀ ನೊರೆ. ಹಾಲುಗಲ್ಲು ಕರಗೋಕೆ ಆಮ್ಲವೇ ಬೇಕು, ಫಾಸ್ಫಾರಿಕ್ ಆಮ್ಲದ ಡೇರಿ ಕ್ಲೀನರ್ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಹಾಕು. ನಿಮ್ಮ ನೀರಿಗೆ ವಾರಕ್ಕೆ ಒಂದು ಸಲ ಸಾಲದು, ಶುರುವಿನಲ್ಲಿ ಎರಡು ಮೂರು ಸಲ ಬೇಕಾಗಬಹುದು.

ಒಂದು ಎಚ್ಚರಿಕೆ. ಆಮ್ಲವನ್ನೂ ಕ್ಲೋರಿನ್ನೂ ಎಂದೂ ಸೇರಿಸಬೇಡ, ಒಂದರ ನೀರು ಪೂರ್ತಿ ಹೋಗದೆ ಇನ್ನೊಂದು ಹಾಕಬೇಡ. ವಿಷದ ಗಾಳಿ ಏಳುತ್ತದೆ. ಕೊಟ್ಟಿಗೆ ಮುಚ್ಚಿದ್ದರೆ ಜೀವಕ್ಕೇ ಅಪಾಯ.

ತೊಟ್ಟಿಗೆ ಹಾಕುವ ರಬ್ಬರ್ ಲೈನರ್ ಒಂದು ಸೆಟ್ಟಿಗೆ ಸುಮಾರು 2,500 ಹಸು ಕರೆಯುವಷ್ಟೇ ಆಯಸ್ಸು. ಹತ್ತು ಹಸು, ದಿನಕ್ಕೆ ಎರಡು ಸಲ, ಒಂದೇ ಸೆಟ್ಟು ಅಂದರೆ ನಾಲ್ಕೈದು ತಿಂಗಳಿಗೆ ಮುಗಿಯಿತು. ಹರಿದಿಲ್ಲವಲ್ಲ ಅಂತ ವರ್ಷಗಟ್ಟಲೆ ಓಡಿಸುವವರನ್ನು ನಾನು ನೋಡಿದ್ದೇನೆ. ಮಡಚಿ ಬೆಳಕಿಗೆ ಹಿಡಿ, ಬಿರುಕು ಕಾಣುತ್ತದೆ.

ಕೋಲಿಫಾರ್ಮ್ 900 ಅಂದರೆ ಸೆಗಣಿ ಅಥವಾ ನೀರು. ಕೆಚ್ಚಲು ತೊಳೆದು ಒದ್ದೆಯಲ್ಲೇ ಮಿಷನ್ ಹಾಕುತ್ತೀರಾ? ಹಾಗಿದ್ದರೆ ಆ ಕೊಳೆನೀರು ನೇರ ಒಳಗೆ ಎಳೆದುಕೊಳ್ಳುತ್ತದೆ. ತೊಟ್ಟು ಮಾತ್ರ ತೊಳೆ, ಒಂದೊಂದು ಹಸುವಿಗೆ ಬೇರೆ ಒಣ ಬಟ್ಟೆಯಲ್ಲಿ ಒರೆಸು. ಓವರ್‌ಹೆಡ್ ಟ್ಯಾಂಕಿನ ನೀರನ್ನೂ ಟೆಸ್ಟಿಗೆ ಕಳಿಸು. ಕರೆಯುವ ಮುಂಚೆ ಮಿಷನ್ನಿಗೆ ಕ್ಲೋರಿನ್ ನೀರು ಹಾಯಿಸು. 5 ಪರ್ಸೆಂಟ್ ಹೈಪೋಕ್ಲೋರೈಟ್ ಆದರೆ 10 ಲೀಟರ್ ನೀರಿಗೆ 40 ಮಿ.ಲೀ., ಅಲ್ಲಿಗೆ 200 ಪಿಪಿಎಂ.

ಇನ್ನು ಆ 31 ಲಕ್ಷ. ಲ್ಯಾಬ್ ಬೇರೆ ಬೇರೆ ನಿಜ, ಆದರೆ ಲ್ಯಾಬಿನಿಂದ ಲ್ಯಾಬಿಗೆ ಹತ್ತು ಪಟ್ಟು ವ್ಯತ್ಯಾಸ ಬರೋದಿಲ್ಲ. ಎರಡೂ ರಿಪೋರ್ಟ್ ಹಿಡಿದುಕೊಂಡು ಹೋಗಿ ಮಾತಾಡು. ಜಗಳ ಬೇಡ. ಸ್ಯಾಂಪಲ್ ತೆಗೆಯುವಾಗ ನೀನೂ ಇರುತ್ತೀಯ, ಕಲಕಿದ ಮೇಲೆ ಸ್ಟೆರೈಲ್ ಬಾಟಲಿಯಲ್ಲಿ, ಐಸ್ ಡಬ್ಬಿಯಲ್ಲಿ ಹೋಗಬೇಕು, ಬಾಟಲಿ ಮೇಲೆ ಸಮಯ, ಡಿಗ್ರಿ ಬರೆದು ಇಬ್ಬರೂ ಸಹಿ ಹಾಕಬೇಕು ಅಂತ ಕೇಳು. ಫ್ಯಾಟ್ ಸ್ಯಾಂಪಲ್ ಆದರೆ ಮಾತ್ರೆ ಹಾಕಿಟ್ಟು ವಾರದ ನಂತರ ಮರುಪರೀಕ್ಷೆ ಮಾಡಿಸಬಹುದು. ಕೌಂಟಿಗೆ ಆ ಅನುಕೂಲ ಇಲ್ಲ, ಇಟ್ಟರೆ ನಂಬರೇ ಬದಲಾಗುತ್ತದೆ. ತಕರಾರು ಇದ್ದರೆ ಸ್ಯಾಂಪಲ್ ತೆಗೆಯುವ ಗಳಿಗೆಯಲ್ಲೇ ಎತ್ತಬೇಕು.

ಬೆಣ್ಣೆ ಅಂಗಡಿ, ದಾವಣಗೆರೆ

ಐಸ್ ಡಬ್ಬಿಗೆ ಅವರು ಒಪ್ಪುತ್ತಾರೆ ಅನಿಸುತ್ತದೆ. ಡಬ್ಬಿಗೆ ಆಗುವ ಖರ್ಚು ಒಂದು ದಿನ ಮೊಸರು ಕೆಟ್ಟರೆ ಆಗುವ ನಷ್ಟಕ್ಕಿಂತ ಕಮ್ಮಿ. ಒಪ್ಪದಿದ್ದರೆ ನನಗೆ ಒಂದು ಮೆಸೇಜ್ ಹಾಕಿ. 2.9 ಲಕ್ಷದ ಹಾಲು ಬಿಡುವ ಮನಸ್ಸು ನನಗಿಲ್ಲ.

ಭರಮಸಾಗರದ ಹಟ್ಟಿ

ಲೈನರ್ ಮಡಚಿ ನೋಡಿದೆ ಮೇಡಂ, ಒಳಗೆಲ್ಲ ಸಣ್ಣ ಸಣ್ಣ ಬಿರುಕು. ಪೈಪಿನ ಮೊಣಕೈ ಬಿಚ್ಚಿದರೆ ನೀವು ಹೇಳಿದ ಹಳದಿ ಪದರ ಇದೆ. ಹೊಸ ಲೈನರಿಗೆ ಹೇಳಿದ್ದೇನೆ, ಆಮ್ಲದ ಕ್ಲೀನರ್ ಚಿತ್ರದುರ್ಗದಲ್ಲಿ ಸಿಗಲಿಲ್ಲ, ದಾವಣಗೆರೆಯಿಂದ ತರಿಸುತ್ತಿದ್ದೇವೆ. ಖರೀದಿದಾರರ ಮ್ಯಾನೇಜರ್ ಸೋಮವಾರ ಬರುತ್ತೇನೆ ಅಂದಿದ್ದಾರೆ. ಎರಡು ರಿಪೋರ್ಟಿನ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ.

ಒಂದು ಪ್ರಶ್ನೆ ಉಳಿಯಿತು. ಮಿಷನ್ ಸರಿ ಮಾಡಿದ ಮೇಲೆ ಮತ್ತೆ ಐದೂ ಕಡೆ ಸ್ಯಾಂಪಲ್ ತೆಗೆಯಬೇಕಾ?

ಹಳೇ ಲ್ಯಾಬಿನವಳು, ದಾವಣಗೆರೆ

ಬೇಡ. ಬಕೆಟ್ ಒಂದು, ಬೆಳಗಿನ ಕೂಲರ್ ಒಂದು. ಹೊಸ ಲೈನರ್ ಹಾಕಿ, ಆಮ್ಲ ಎರಡು ಮೂರು ಸಲ ಹಾಯಿಸಿದ ಮೇಲೆ ತೆಗಿ. ಪಾಶ್ಚರೈಸ್ಡ್ ಕೌಂಟ್ ಬರೆಸುವುದು ಮರೆಯಬೇಡ.